ಎಪಿ ವರ್ಲ್ಡ್ ಹಿಸ್ಟರಿ ಪರೀಕ್ಷೆಗೆ ಯಾವ ರಿವ್ಯೂ ಪುಸ್ತಕ ಕೊಳ್ಳಬೇಕು?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಹತ್ತನೇ ತರಗತಿ. ಮೇ ತಿಂಗಳಲ್ಲಿ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ವರ್ಲ್ಡ್ ಹಿಸ್ಟರಿ ಪರೀಕ್ಷೆ ಇದೆ, ಇನ್ನು ಸುಮಾರು ಹತ್ತು ವಾರ ಉಳಿದಿದೆ. ಅಂಗಡಿಯಲ್ಲಿ ನಾಲ್ಕೈದು ಬಗೆಯ ರಿವ್ಯೂ ಪುಸ್ತಕಗಳಿವೆ. ಪರಿಚಯದವರ ಮಗ ಬಳಸಿದ 2018ರ ಪುಸ್ತಕವೊಂದು ಮನೆಗೆ ಬಂದಿದೆ. ಅದೇ ಸಾಕೇ, ಹೊಸದು ಕೊಳ್ಳಬೇಕೇ? ಬಹು ಆಯ್ಕೆ ಪ್ರಶ್ನೆಗಳಲ್ಲಿ ನೂರಕ್ಕೆ ಎಂಬತ್ತು ಸರಿ ಮಾಡುತ್ತಾಳೆ, ಕೊಟ್ಟ ದಾಖಲೆಗಳನ್ನು ಬಳಸಿ ಬರೆಯುವ ಡಿಬಿಕ್ಯೂ ಪ್ರಬಂಧದಲ್ಲಿ ಮಾತ್ರ ಏಳಕ್ಕೆ ಎರಡೋ ಮೂರೋ. ಹಂಪಿ, ವಿಜಯನಗರದ ವಿಷಯ ಅಜ್ಜನಿಂದ ಕೇಳಿ ಚೆನ್ನಾಗಿ ತಿಳಿದುಕೊಂಡಿದ್ದಾಳೆ. ಅದು ಈ ಪರೀಕ್ಷೆಯಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಮೊದಲು 2018ರ ಪುಸ್ತಕದ ಮಾತು. ಅದನ್ನು ಪಕ್ಕಕ್ಕಿಡಿ. ಆಗ ಈ ಕೋರ್ಸು ಪ್ರಾಚೀನ ಕಾಲದಿಂದಲೇ ಶುರುವಾಗುತ್ತಿತ್ತು: ಬೇಸಾಯದ ಹುಟ್ಟು, ಮೆಸೊಪೊಟೇಮಿಯಾ, ರೋಮ್, ಹಾನ್ ಚೀನಾ, ಗುಪ್ತರು ಎಲ್ಲವೂ ಪಠ್ಯದಲ್ಲಿದ್ದವು. 2019–20ರ ಶಾಲಾ ವರ್ಷದಿಂದ ಕೋರ್ಸಿನ ಹೆಸರೇ ‘ವರ್ಲ್ಡ್ ಹಿಸ್ಟರಿ: ಮಾಡರ್ನ್’ ಎಂದಾಯಿತು. ಪಠ್ಯ ಈಗ ಕ್ರಿ.ಶ. 1200ರಿಂದ ಆರಂಭವಾಗುತ್ತದೆ. ಹಳೆಯ ಪುಸ್ತಕದಲ್ಲಿ ದೊಡ್ಡದೊಂದು ಭಾಗ ಈಗಿನ ಪರೀಕ್ಷೆಗೆ ಬರುವುದೇ ಇಲ್ಲ. ಉಳಿದ ಭಾಗವೂ ಆರು ‘ಪೀರಿಯಡ್’ಗಳ ಹಳೆಯ ಲೆಕ್ಕದಲ್ಲಿದೆ. ಈಗಿರುವುದು ಒಂಬತ್ತು ಯೂನಿಟ್. ಹತ್ತು ವಾರ ಮಾತ್ರ ಉಳಿದಿರುವಾಗ ಯಾವ ಪುಟ ಬೇಕು, ಯಾವುದು ಬೇಡ ಎಂದು ಹುಡುಕುವ ಕೆಲಸವನ್ನು ಮಗುವಿನ ಮೇಲೆ ಹಾಕಬಾರದು.

ಆದರೆ ಹಳೆಯ ಪುಸ್ತಕಗಳೆಲ್ಲ ದಂಡ ಎಂದೇನಿಲ್ಲ. 2020ರ ನಂತರ ಅಚ್ಚಾದ, 1200ರಿಂದ ಶುರುವಾಗುವ ಪುಸ್ತಕ ಸಿಕ್ಕರೆ ಅದರ ಪಾಠದ ಭಾಗವನ್ನು ಧೈರ್ಯವಾಗಿ ಬಳಸಬಹುದು. ಅಲ್ಲಿ ತೊಂದರೆ ಕೊಡುವುದು ಪ್ರಬಂಧಕ್ಕೆ ಅಂಕ ಹಾಕುವ ರೂಬ್ರಿಕ್‌ನ ಪುಟಗಳು. 2023–24ರಲ್ಲಿ ಡಿಬಿಕ್ಯೂ ಅಂಕಗಳ ನಿಯಮ ಬದಲಾಯಿತು. ಹಿಂದೆ ದಾಖಲೆಗಳಿಗಿರುವ ಎರಡು ಅಂಕ ಪೂರ್ತಿ ಸಿಗಬೇಕಾದರೆ ಏಳರಲ್ಲಿ ಆರು ದಾಖಲೆಗಳನ್ನು ವಾದಕ್ಕೆ ಬಳಸಬೇಕಿತ್ತು, ಈಗ ನಾಲ್ಕು ಸಾಕು. ದಾಖಲೆ ಬರೆದವರ ದೃಷ್ಟಿ, ಉದ್ದೇಶ, ಸಂದರ್ಭ, ಓದುಗರನ್ನು ವಿವರಿಸುವ ‘ಸೋರ್ಸಿಂಗ್’ ಅಂಕಕ್ಕೆ ಮೂರು ದಾಖಲೆ ಬೇಕಿತ್ತು, ಈಗ ಎರಡು. ಹಳೆಯ ನಿಯಮ ಓದಿದ ಮಗು ಆರು ದಾಖಲೆಗಳನ್ನು ತುರುಕುವ ಆತುರದಲ್ಲಿ ಒಂದನ್ನೂ ಸರಿಯಾಗಿ ಬಿಡಿಸಿ ಬರೆಯುವುದಿಲ್ಲ. ಏಳಕ್ಕೆ ಎರಡೋ ಮೂರೋ ಬರುವ ಎಷ್ಟೋ ಪ್ರಬಂಧಗಳ ಕಥೆ ಇದೇ. ಇಂಥ ಪುಸ್ತಕದಲ್ಲಿ ರೂಬ್ರಿಕ್ ಪುಟದ ಮೇಲೆ ಅಡ್ಡಗೆರೆ ಎಳೆದು, ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಉಚಿತವಾಗಿ ಕೊಡುವ ಈಗಿನ ರೂಬ್ರಿಕ್ ಅನ್ನು ಅಲ್ಲೇ ಅಂಟಿಸಿಬಿಡಿ.

ಇನ್ನು ಅಂಗಡಿಯಲ್ಲಿರುವವು. ಹೆಸರು, ಹೊದಿಕೆ, ‘ಪ್ರೀಮಿಯಂ’ ಎಂಬ ಪಟ್ಟಿ ನೋಡಿ ತೀರ್ಮಾನಿಸಬೇಡಿ. ಪ್ರತಿ ಪುಸ್ತಕಕ್ಕೆ ಕಾಲು ಗಂಟೆ ಕೊಡಿ, ಹೆಚ್ಚಿನದನ್ನು ಅಲ್ಲೇ ನಿಂತು ಪರೀಕ್ಷಿಸಬಹುದು. ಸಾರ್ವಜನಿಕ ಗ್ರಂಥಾಲಯದಲ್ಲೂ ಇವು ಇರುತ್ತವೆ. ಮೊದಲು ಎರವಲು ತಂದು ನೋಡಿ, ಹೊಂದಿದ್ದನ್ನು ಮಾತ್ರ ಕೊಳ್ಳಿ. ಗ್ರಂಥಾಲಯದ ಪ್ರತಿಯಲ್ಲಿ ಬರೆಯುವಂತಿಲ್ಲ, ಹಾಗಾಗಿ ಕೊನೆಗೊಂದು ಸ್ವಂತ ಪ್ರತಿ ಬೇಕೇ ಬೇಕು.

ಪುಸ್ತಕ ಕೈಗೆತ್ತಿಕೊಂಡ ಕೂಡಲೇ ಪರೀಕ್ಷೆಯ ಸ್ವರೂಪ ಹೇಳುವ ಪುಟ ತೆರೆಯಿರಿ. ಅಲ್ಲಿ ಈ ಲೆಕ್ಕ ಇರಬೇಕು: 55 ನಿಮಿಷಕ್ಕೆ 55 ಬಹು ಆಯ್ಕೆ ಪ್ರಶ್ನೆ, ಅದಕ್ಕೆ ಒಟ್ಟು ಅಂಕದ ಶೇ. 40. ಮೂರು ಕಿರು ಉತ್ತರ (ಎಸ್‌ಎಕ್ಯೂ), 40 ನಿಮಿಷ, ಶೇ. 20. ಏಳು ದಾಖಲೆಗಳ ಡಿಬಿಕ್ಯೂ, ಓದುವ 15 ನಿಮಿಷ ಸೇರಿ 60 ನಿಮಿಷ, ಶೇ. 25. ದೀರ್ಘ ಪ್ರಬಂಧ (ಎಲ್‌ಇಕ್ಯೂ), 40 ನಿಮಿಷ, ಶೇ. 15. ಒಟ್ಟು ಮೂರೂ ಕಾಲು ಗಂಟೆ. ‘70 ಪ್ರಶ್ನೆ’ ಎಂದು ಎಲ್ಲಾದರೂ ಕಂಡರೆ ಅದು ತೀರಾ ಹಳೆಯ ಮಾದರಿ, ಮುಚ್ಚಿಡಿ. ಕಾಲೇಜ್ ಬೋರ್ಡ್ ಈ ಸ್ವರೂಪವನ್ನು ಆಗಾಗ ತಿದ್ದುತ್ತದೆ. ಆದ್ದರಿಂದ ಮಗಳು ಬರೆಯುವ ವರ್ಷದ ‘ಕೋರ್ಸ್ ಅಂಡ್ ಎಕ್ಸಾಮ್ ಡಿಸ್ಕ್ರಿಪ್ಷನ್’ ಪಿಡಿಎಫ್ ಇಳಿಸಿಕೊಂಡು, ಪುಸ್ತಕದ ಪುಟವನ್ನು ಅದರ ಪಕ್ಕದಲ್ಲಿಟ್ಟು ತಾಳೆ ನೋಡಿ. ಈ ಪಿಡಿಎಫ್ ಉಚಿತ, ಯಾವ ರಿವ್ಯೂ ಪುಸ್ತಕಕ್ಕಿಂತಲೂ ಅಧಿಕೃತ. ಶಿಕ್ಷಕರಿಗೆಂದು ಬರೆದದ್ದು ಎಂದುಕೊಂಡು ಹೆಚ್ಚಿನ ಮನೆಗಳಲ್ಲಿ ಅದನ್ನು ತೆರೆಯುವುದೇ ಇಲ್ಲ. ಇದು ದೊಡ್ಡ ನಷ್ಟ.

ಎರಡನೆಯದಾಗಿ ಮಾದರಿ ಪರೀಕ್ಷೆಯ ಬಹು ಆಯ್ಕೆ ಪ್ರಶ್ನೆಗಳು. ನಿಜವಾದ ಪರೀಕ್ಷೆಯಲ್ಲಿ ಒಂದು ಉದ್ಧರಣೆ, ನಕ್ಷೆ, ಚಿತ್ರ ಅಥವಾ ಕೋಷ್ಟಕ ಕೊಟ್ಟು ಅದರ ಮೇಲೆ ಮೂರು ನಾಲ್ಕು ಪ್ರಶ್ನೆ ಕೇಳುತ್ತಾರೆ. ‘ಯಾವ ಇಸವಿಯಲ್ಲಿ’, ‘ಯಾವ ದೊರೆ’ ಎಂದು ಬರಿಗೈಯಲ್ಲಿ ಕೇಳುವ ಪ್ರಶ್ನೆಗಳು ತುಂಬಿದ ಪುಸ್ತಕ ನೆನಪನ್ನು ಅಳೆಯುತ್ತದೆಯೇ ಹೊರತು ಪರೀಕ್ಷೆಗೆ ಕೈ ಪಳಗಿಸುವುದಿಲ್ಲ. ಬಳಿಕ ಉತ್ತರಗಳ ಪುಟ ತೆರೆದು ಯಾವುದಾದರೂ ಐದು ಪ್ರಶ್ನೆಗಳ ವಿವರಣೆ ಓದಿ. ಸರಿ ಉತ್ತರ ಯಾಕೆ ಸರಿ ಎನ್ನುವುದರ ಜೊತೆಗೆ ಉಳಿದ ಮೂರು ಯಾಕೆ ತಪ್ಪು ಎಂದೂ ಹೇಳಿದೆಯೇ ನೋಡಿ. ಈ ಪರೀಕ್ಷೆಯ ತಪ್ಪು ಆಯ್ಕೆಗಳಲ್ಲಿ ಅನೇಕವು ಇತಿಹಾಸದ ದೃಷ್ಟಿಯಿಂದ ನಿಜವೇ ಆಗಿರುತ್ತವೆ. ಆದರೆ ಕೊಟ್ಟ ಉದ್ಧರಣೆಗೆ ಸಂಬಂಧಿಸಿರುವುದಿಲ್ಲ, ಇಲ್ಲವೇ ಬೇರೆ ಕಾಲಕ್ಕೆ ಸೇರಿರುತ್ತವೆ. ಇದನ್ನು ಬಿಡಿಸಿ ತೋರಿಸದ ವಿವರಣೆಯಿಂದ ಮಗು ಏನೂ ಕಲಿಯುವುದಿಲ್ಲ. ಉತ್ತರಗಳು ಪುಸ್ತಕದಲ್ಲೇ ಇವೆಯೇ ಎಂಬುದನ್ನೂ ನೋಡಿಕೊಳ್ಳಿ. ಶಾಲೆಗಳಿಗೆಂದು ಅಚ್ಚಾದ ಪುಸ್ತಕಗಳಲ್ಲಿ ಉತ್ತರಗಳು ಶಿಕ್ಷಕರ ಬಳಿ ಮಾತ್ರ ಇರುವುದುಂಟು.

ಮೂರನೆಯದು ಮಾದರಿ ಡಿಬಿಕ್ಯೂ. ಇಲ್ಲಿ ಹೆಚ್ಚು ಹೊತ್ತು ನಿಲ್ಲಿ, ನಿಮ್ಮ ಮಗಳಿಗೆ ಬೇಕಾಗಿರುವುದು ಇದೇ. ಏಳು ದಾಖಲೆಗಳಿವೆಯೇ? ಪ್ರತಿಯೊಂದರ ತಲೆಯ ಮೇಲೆ ಬರೆದವರು ಯಾರು, ಏನಾಗಿದ್ದರು, ಎಲ್ಲಿ, ಯಾವಾಗ, ಯಾರಿಗೆ ಬರೆದರು ಎಂಬ ಸಾಲು ಇದೆಯೇ? ಸೋರ್ಸಿಂಗ್ ಅಂಕ ನಿಂತಿರುವುದೇ ಆ ಸಾಲಿನ ಮೇಲೆ. ‘ಒಬ್ಬ ವ್ಯಾಪಾರಿ, 1600’ ಎಂದಷ್ಟೇ ಬರೆದು ನಾಲ್ಕು ಸಾಲಿನ ಉದ್ಧರಣೆ ಕೊಟ್ಟಿದ್ದರೆ ಆ ಅಭ್ಯಾಸ ವ್ಯರ್ಥ. ಮಾದರಿ ಉತ್ತರ ಒಂದೇ ಇದ್ದರೆ ಸಾಲದು. ಕಡಿಮೆ ಅಂಕದ ಉತ್ತರವೂ ಪಕ್ಕದಲ್ಲಿದ್ದು, ಯಾವ ವಾಕ್ಯಕ್ಕೆ ಅಂಕ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂದು ಗುರುತಿಸಿರುವ ಪುಸ್ತಕವನ್ನು ಕಣ್ಣು ಮುಚ್ಚಿ ಕೊಳ್ಳಿ.

ಕೊನೆಯದಾಗಿ ಪದಸೂಚಿ. ಮೊಘಲರ ಜಮೀನ್ದಾರಿ ಕಂದಾಯ, ಕ್ರೈಸ್ತ ಹುಡುಗರನ್ನು ಅರಸನ ಸೇವೆಗೆ ಒಯ್ಯುತ್ತಿದ್ದ ಆಟೊಮನ್ನರ ದೇವ್‌ಶಿರ್ಮೆ, ಆಂಡೀಸ್‌ನ ಮಿಟಾ ಎಂಬ ಸರದಿ ಕಡ್ಡಾಯ ದುಡಿಮೆಯ ಪದ್ಧತಿ, ಈ ಮೂರನ್ನು ಹುಡುಕಿ. ಆ ಪುಟಗಳಿಗೆ ಹೋಗಿ, ಪದದ ಅರ್ಥ ಹೇಳಿ ಕೈಬಿಟ್ಟಿದೆಯೋ, ಅರಸನ ಅಧಿಕಾರಕ್ಕೂ ದುಡಿಮೆಗೂ ಅದು ಹೇಗೆ ತಳಕು ಹಾಕಿಕೊಂಡಿತ್ತು ಎಂದು ವಿವರಿಸಿದೆಯೋ ನೋಡಿ. ಎರಡನೆಯದು ನಿಮಗೆ ಬೇಕಾದದ್ದು.

ಹೆಸರು ಹೇಳಿ ಎಂದರೆ: ಆಮ್ಸ್‌ಕೋ ಎಂದು ಎಲ್ಲರೂ ಕರೆಯುವ ಪುಸ್ತಕ ಒಂಬತ್ತು ಯೂನಿಟ್‌ಗಳನ್ನೂ ಅವುಗಳ ಉಪವಿಷಯಗಳನ್ನೂ ಅಧಿಕೃತ ಪಠ್ಯಕ್ರಮದ ಕ್ರಮದಲ್ಲೇ ಹೇಳುತ್ತದೆ. ಅದನ್ನೇ ಪಠ್ಯವಾಗಿ ಬಳಸುವ ಶಾಲೆಗಳೂ ಇವೆ. ವರ್ಷವಿಡೀ ತರಗತಿಯಲ್ಲಿ ಹಿಂದೆ ಬಿದ್ದವರಿಗೆ ಅದು ಒಳ್ಳೆಯದು. ಹತ್ತು ವಾರದಲ್ಲಿ ಮೊದಲಿನಿಂದ ಕೊನೆಯವರೆಗೆ ಓದಲು ಹೊರಟರೆ ಮಾತ್ರ ಬರೆಯುವುದಕ್ಕೆ ಸಮಯವೇ ಉಳಿಯದು. ಬ್ಯಾರನ್ಸ್, ಪ್ರಿನ್ಸ್‌ಟನ್ ರಿವ್ಯೂ, ಫೈವ್ ಸ್ಟೆಪ್ಸ್ ಟು ಎ ಫೈವ್ ಮೂರೂ ಒಂದೇ ಜಾತಿಯವು: ಅಡಕವಾದ ಪಾಠ, ಬರೆಯುವ ತಂತ್ರ, ಮಾದರಿ ಪರೀಕ್ಷೆ. ಇವುಗಳಲ್ಲಿ ಫೈವ್ ಸ್ಟೆಪ್ಸ್‌ಗೆ ಒಂದು ಅನುಕೂಲವಿದೆ: ವರ್ಷ, ಅರ್ಧ ವರ್ಷ, ನಾಲ್ಕರಿಂದ ಆರು ವಾರ ಎಂದು ಮೂರು ವೇಳಾಪಟ್ಟಿಗಳನ್ನು ಮೊದಲೇ ಹಾಕಿಕೊಟ್ಟಿರುತ್ತದೆ. ನಿಮ್ಮ ಮಗಳ ಮಟ್ಟಿಗೆ ನನ್ನ ಸಲಹೆ ಖಚಿತ: ಈ ಎರಡನೆಯ ಜಾತಿಯದೊಂದನ್ನು ಮೇಲಿನ ಪರೀಕ್ಷೆಗಳಿಗೆ ಒಡ್ಡಿ ಕೊಳ್ಳಿ. ಒಂದೇ ಒಂದು. ಮೂರು ಪುಸ್ತಕ ಕೊಂಡ ಮನೆಯಲ್ಲಿ ಮೂರರಲ್ಲೂ ಮೊದಲ ಯೂನಿಟ್ ಮಾತ್ರ ಬಣ್ಣದ ಪೆನ್ನಿನಿಂದ ತುಂಬಿರುತ್ತದೆ.

ಬಹು ಆಯ್ಕೆಯಲ್ಲಿ ಎಂಬತ್ತು ಬರುತ್ತಿರುವ ಮಗುವಿಗೆ ಇನ್ನೂ ಹೆಚ್ಚು ಪಾಠ ಓದಿಸುವುದು ಯಾಕೆ ತಪ್ಪು ಎಂಬುದಕ್ಕೆ ಒಂದು ಲೆಕ್ಕ ಮಾಡಿ. ಶೇ. 40ನ್ನು 55 ಪ್ರಶ್ನೆಗಳಿಗೆ ಹಂಚಿದರೆ ಒಂದು ಪ್ರಶ್ನೆಗೆ ಸುಮಾರು ಶೇ. 0.73. ಡಿಬಿಕ್ಯೂನ ಶೇ. 25ನ್ನು ಏಳು ಅಂಕಕ್ಕೆ ಹಂಚಿದರೆ ಒಂದು ಅಂಕಕ್ಕೆ ಶೇ. 3.57. ಅಂದರೆ ಡಿಬಿಕ್ಯೂನ ಒಂದು ಅಂಕ ಬಹು ಆಯ್ಕೆಯ ಐದು ಪ್ರಶ್ನೆಗೆ ಸಮ. ಆಕೆ ಮೂರರಿಂದ ಐದಕ್ಕೆ ಏರಿದರೆ ಹತ್ತು ಪ್ರಶ್ನೆ ಹೆಚ್ಚು ಸರಿ ಮಾಡಿದಂತೆ. ಎಂಬತ್ತರಲ್ಲಿರುವವರಿಗೆ ಇನ್ನು ಹತ್ತು ಪ್ರಶ್ನೆ ಗಿಟ್ಟಿಸುವುದು ಕಷ್ಟ, ಡಿಬಿಕ್ಯೂನಲ್ಲಿ ಎರಡು ಅಂಕ ಏರುವುದು ಕೆಲವೇ ವಾರಗಳ ಕೆಲಸ.

ಆ ಏಳು ಅಂಕ ಎಲ್ಲೆಲ್ಲಿವೆ? ಪ್ರಬಂಧದ ಮುಖ್ಯ ನಿಲುವಾದ ಥೀಸಿಸ್‌ಗೆ ಒಂದು, ಹಿನ್ನೆಲೆಗೆ ಒಂದು, ದಾಖಲೆಗಳ ಬಳಕೆಗೆ ಎರಡು, ದಾಖಲೆಗಳಾಚೆಯ ಒಂದು ಸಾಕ್ಷ್ಯಕ್ಕೆ ಒಂದು, ಸೋರ್ಸಿಂಗ್‌ಗೆ ಒಂದು, ಸಂಕೀರ್ಣ ತಿಳಿವಳಿಕೆಗೆ ಒಂದು. ಕೊನೆಯದನ್ನು ಸದ್ಯಕ್ಕೆ ಮರೆತುಬಿಡಿ, ಮೊದಲ ಆರು ಕೈಗೆಟುಕುವಂಥವು.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಬರೆದು ಬಂದ ತಂದೆತಾಯಿಗಳು ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಅಲ್ಲಿ ‘ಕಾರಣಗಳನ್ನು ವಿವರಿಸಿ’ ಎಂದರೆ ಪಾಯಿಂಟ್ ಹಾಕಿ ಬರೆದರೆ ಪ್ರತಿ ಪಾಯಿಂಟಿಗೂ ಅಂಕ. ಇಲ್ಲಿ ಮೊದಲು ಒಂದು ನಿಲುವು ಬೇಕು, ಮಿಕ್ಕಿದ್ದೆಲ್ಲ ಅದಕ್ಕೆ ಸಾಕ್ಷಿ ಹೇಳಬೇಕು. ಉದಾಹರಣೆಗೆ ಪ್ರಶ್ನೆ ಹೀಗಿದೆ ಎನ್ನಿ: 1450ರಿಂದ 1750ರವರೆಗೆ ಭೂಸಾಮ್ರಾಜ್ಯಗಳ ಅರಸರು ಅಧಿಕಾರ ಗಟ್ಟಿ ಮಾಡಿಕೊಳ್ಳಲು ಧರ್ಮವನ್ನು ಎಷ್ಟರ ಮಟ್ಟಿಗೆ ನೆಚ್ಚಿಕೊಂಡರು? ‘ಅರಸರು ಧರ್ಮವನ್ನು ಹಲವು ರೀತಿಯಲ್ಲಿ ಬಳಸಿದರು’ ಎಂಬುದಕ್ಕೆ ಅಂಕವಿಲ್ಲ, ಅದು ಪ್ರಶ್ನೆಯನ್ನೇ ತಿರುಗಿಸಿ ಹೇಳಿದಂತೆ. ‘ಮಸೀದಿ, ಗೋರಿ, ದೇಗುಲಗಳು ಅರಸನಿಗೆ ಮಾನ್ಯತೆ ತಂದುಕೊಟ್ಟರೂ, ದಿನನಿತ್ಯದ ಅಧಿಕಾರವನ್ನು ಹಿಡಿದು ನಿಲ್ಲಿಸಿದ್ದು ಕಂದಾಯ ವಸೂಲಿಯ ಏರ್ಪಾಡು ಮತ್ತು ಅರಸನಿಗೇ ನಿಷ್ಠರಾದ ಸೈನಿಕ ಅಧಿಕಾರಿಗಳು, ಹಾಗಾಗಿ ಧರ್ಮದ ಪಾತ್ರ ಎರಡನೆಯದು’ ಎಂದರೆ ಥೀಸಿಸ್ ಆಯಿತು. ಇದರಲ್ಲಿ ನಿಲುವೂ ಇದೆ, ಮುಂದಿನ ಎರಡು ಪ್ಯಾರಾಗಳ ದಾರಿಯೂ ಇದೆ.

ಹಿನ್ನೆಲೆಯ ಅಂಕಕ್ಕೆ ಒಂದು ವಾಕ್ಯ ಸಾಲದು. ಆ ಕಾಲಕ್ಕೆ ಮುಂಚೆ ಏನು ನಡೆದಿತ್ತು ಎಂಬುದನ್ನು ಮೂರು ನಾಲ್ಕು ವಾಕ್ಯಗಳಲ್ಲಿ ಹೇಳಿ, ಪ್ರಶ್ನೆಯ ವಿಷಯಕ್ಕೆ ತಂದು ಸೇರಿಸಬೇಕು. ದಾಖಲೆಗಳಾಚೆಯ ಸಾಕ್ಷ್ಯ ಹಿನ್ನೆಲೆಯಲ್ಲಿ ಹೇಳಿದ್ದೇ ಆಗಿರಬಾರದು. ಇಲ್ಲಿ ತುಂಬ ಮಕ್ಕಳು ಎಡವುತ್ತಾರೆ, ಒಂದೇ ಸಂಗತಿಯನ್ನು ಎರಡು ಕಡೆ ಬರೆದು ಒಂದು ಅಂಕ ಕಳೆದುಕೊಳ್ಳುತ್ತಾರೆ. ಇನ್ನು ದಾಖಲೆಯ ಸಾಲುಗಳನ್ನು ಎತ್ತಿ ಉಲ್ಲೇಖಿಸಿದರೆ ಬಳಸಿದಂತಾಗುವುದಿಲ್ಲ. ತಮ್ಮ ಮಾತಿನಲ್ಲಿ ಹೇಳಿ, ‘ಇದರಿಂದ ನನ್ನ ವಾದಕ್ಕೆ ಏನು ಬಲ’ ಎಂಬ ಒಂದು ವಾಕ್ಯ ಸೇರಿಸಬೇಕು.

ಅಭ್ಯಾಸವನ್ನು ಒಡೆದು ಮಾಡಿಸಿ. ವಾರಕ್ಕೊಂದು ಪೂರ್ತಿ ಡಿಬಿಕ್ಯೂ ಬರೆಸುವ ಹಟ ಬೇಡ, ಬೇಸರ ಬಂದು ನಿಂತುಬಿಡುತ್ತದೆ. ಮೊದಲ ಮೂರು ವಾರ, ವಾರಕ್ಕೆ ಎರಡು ಸಲ, 20 ನಿಮಿಷ: 15 ನಿಮಿಷ ದಾಖಲೆ ಓದಿ ಗುಂಪು ಮಾಡುವುದು, 5 ನಿಮಿಷದಲ್ಲಿ ಥೀಸಿಸ್ ಮಾತ್ರ ಬರೆಯುವುದು. ಅಲ್ಲಿಗೆ ನಿಲ್ಲಿಸಿ. ಮುಂದಿನ ಮೂರು ವಾರ ಅದಕ್ಕೆ ಹಿನ್ನೆಲೆಯನ್ನೂ ಒಂದು ಪ್ಯಾರಾವನ್ನೂ ಸೇರಿಸಿ. ಪೂರ್ತಿ 60 ನಿಮಿಷದ ಡಿಬಿಕ್ಯೂ ಏಳನೇ ವಾರದಿಂದ ಸಾಕು. ಪ್ರಶ್ನೆಗಳನ್ನು ಪುಸ್ತಕದಿಂದ ತೆಗೆಯುವ ಬದಲು ಕಾಲೇಜ್ ಬೋರ್ಡ್ ಪ್ರಕಟಿಸಿರುವ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳಿಂದ ತೆಗೆಯಿರಿ. ಅಲ್ಲಿ ವಿದ್ಯಾರ್ಥಿಗಳ ನಿಜವಾದ ಉತ್ತರಗಳೂ ಅವಕ್ಕೆ ಸಿಕ್ಕ ಅಂಕಗಳೂ ಇರುತ್ತವೆ. ಒಂದು ಎಚ್ಚರಿಕೆ: 2023 ಮತ್ತು ಅದಕ್ಕೂ ಹಿಂದಿನ ಉತ್ತರಗಳಿಗೆ ಹಳೆಯ ನಿಯಮದಂತೆ ಅಂಕ ಹಾಕಲಾಗಿದೆ. ಅವನ್ನು ಓದಿ ಹೊಸ ರೂಬ್ರಿಕ್ ಪ್ರಕಾರ ಮಗಳೇ ಮರು ಅಂಕ ಹಾಕಲಿ. ಬರೆಯುವವರು ಪರೀಕ್ಷಕರ ಕುರ್ಚಿಯಲ್ಲಿ ಕೂರುವುದರಿಂದ ಆಗುವ ಲಾಭ ಹತ್ತು ಪಾಠ ಓದಿದರೂ ಆಗದು. 2020ರದ್ದನ್ನು ಬಿಡಿ. ಆ ವರ್ಷ ಕೋವಿಡ್‌ನಿಂದಾಗಿ ಪರೀಕ್ಷೆಯನ್ನೇ ಮೊಟಕುಗೊಳಿಸಿದ್ದರು.

ಮತ್ತೊಂದು ಮಾತು: 2025ರ ಮೇ ತಿಂಗಳಿಂದ ಈ ಪರೀಕ್ಷೆ ಪೂರ್ತಿ ಕಂಪ್ಯೂಟರ್‌ನಲ್ಲಿ, ಬ್ಲೂಬುಕ್ ಎಂಬ ಆ್ಯಪ್ ಮೂಲಕ ನಡೆಯುತ್ತಿದೆ. ಪುಸ್ತಕದ ಮಾದರಿ ಪರೀಕ್ಷೆಯನ್ನು ಕಾಗದದಲ್ಲಿ ಬರೆದು ರೂಢಿಯಾದರೆ ಅಂದು ತೆರೆಯ ಮೇಲೆ ಏಳು ದಾಖಲೆಗಳ ನಡುವೆ ಓಡಾಡುವುದು ಕಷ್ಟವಾಗುತ್ತದೆ. ಪ್ರಬಂಧಗಳನ್ನು ಈಗಿನಿಂದಲೇ ಟೈಪ್ ಮಾಡಿಸಿ, ಬ್ಲೂಬುಕ್‌ನ ಅಭ್ಯಾಸ ಭಾಗವನ್ನು ಒಮ್ಮೆಯಾದರೂ ತೆರೆಸಿ.

ಪಾಠದ ಓದಿಗೆ ಬಂದರೆ, ಯೂನಿಟ್ 3ರಿಂದ 6ರವರೆಗಿನ ನಾಲ್ಕಕ್ಕೆ ತಲಾ ಶೇ. 12ರಿಂದ 15ರಷ್ಟು ತೂಕವಿದೆ, ಉಳಿದ ಐದಕ್ಕೆ ತಲಾ ಶೇ. 8ರಿಂದ 10. 1450ರಿಂದ 1900ರವರೆಗಿನ ನಡುವಿನ ನಾಲ್ಕೇ ಪರೀಕ್ಷೆಯ ಅರ್ಧದಷ್ಟು. ಮೊದಲ ವಾರ 55 ನಿಮಿಷದ ಒಂದು ಬಹು ಆಯ್ಕೆ ಪರೀಕ್ಷೆ ಕೊಟ್ಟು, ತಪ್ಪಾದವನ್ನು ಯೂನಿಟ್‌ವಾರು ಗುರುತು ಹಾಕಿ. ನಂತರ ನಾಲ್ಕು ವಾರ ಈ ನಾಲ್ಕು ಯೂನಿಟ್, ಒಂದು ವಾರ 1 ಮತ್ತು 2, ಎರಡು ವಾರ 7ರಿಂದ 9, ಕೊನೆಗೆ ಒಂದು ಪೂರ್ತಿ ಪರೀಕ್ಷೆ ಮತ್ತು ಅದರ ತಪ್ಪುಗಳ ರಿಪೇರಿ. ನ್ಯೂಜೆರ್ಸಿಯಲ್ಲಿರುವ ನಿಮಗೆ ಒಂದು ವಿಶೇಷ ಸೂಚನೆ. ಅಮೆರಿಕದ ದಕ್ಷಿಣದ ಹಲವು ರಾಜ್ಯಗಳಲ್ಲಿ ಶಾಲೆ ಆಗಸ್ಟ್‌ನಲ್ಲೇ ಶುರುವಾಗುತ್ತದೆ, ನಿಮ್ಮ ಕಡೆ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಪರೀಕ್ಷೆ ಮಾತ್ರ ಎಲ್ಲರಿಗೂ ಮೇನಲ್ಲೇ. ಹಾಗಾಗಿ ಶೀತಲ ಸಮರ, ವಸಾಹತು ವಿಮೋಚನೆ, ಜಾಗತೀಕರಣದ ಯೂನಿಟ್ 8 ಮತ್ತು 9 ತರಗತಿಯಲ್ಲಿ ಓಡಿಸಿಬಿಡುವ ಸಂಭವ ಹೆಚ್ಚು. ರಿವ್ಯೂ ಪುಸ್ತಕವನ್ನು ಪಾಠಪುಸ್ತಕದಂತೆ ಸಾಲು ಸಾಲಾಗಿ ಓದಬೇಕಾದ ಜಾಗ ಈ ಎರಡೇ.

ಬೇರೆಡೆ ಓದುವ ಕ್ರಮ ತಿರುವುಮುರುವು ಇರಲಿ. ಅಧಿಕೃತ ಪಿಡಿಎಫ್‌ನಲ್ಲಿ ಪ್ರತಿ ಉಪವಿಷಯಕ್ಕೂ ‘ವಿವರಿಸಿ’ ಎಂಬ ಗುರಿವಾಕ್ಯವಿದೆ. ಮೊದಲು ಪುಸ್ತಕ ಮುಚ್ಚಿಟ್ಟು ಅದಕ್ಕೆ ಮೂರು ನಾಲ್ಕು ವಾಕ್ಯದ ಉತ್ತರ ಬರೆಯಲಿ, ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಲಿ. ಎಪಿ ಫಲಿತಾಂಶ 1ರಿಂದ 5ರ ಅಳತೆಯಲ್ಲಿ ಬರುತ್ತದೆ. ಮಾದರಿ ಪರೀಕ್ಷೆಯ ಕೊನೆಯಲ್ಲಿ ‘ಇಷ್ಟು ಬಂದರೆ 4, ಇಷ್ಟು ಬಂದರೆ 5’ ಎಂದು ಪುಸ್ತಕ ಕೊಡುವ ಕೋಷ್ಟಕವನ್ನು ನಂಬಬೇಡಿ, ಅದು ಪ್ರಕಾಶಕರ ಅಂದಾಜು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡದಿರಲಿ.

ಇನ್ನು ವಿಜಯನಗರ. ಯೂನಿಟ್ 1ರಲ್ಲಿ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ರಾಜ್ಯಗಳಿಗೆ ಕೊಟ್ಟಿರುವ ಉದಾಹರಣೆಗಳಲ್ಲಿ ಶ್ರೀವಿಜಯ, ಖ್ಮೇರ್, ಮಜಪಾಹಿತ್‌ಗಳ ಜೊತೆಗೆ ವಿಜಯನಗರದ ಹೆಸರೂ ಇದೆ, ಭಕ್ತಿ ಪಂಥವೂ ಇದೆ. ಆದರೆ ಇವು ‘ಇಂಥವುಗಳಲ್ಲಿ ಯಾವುದಾದರೂ’ ಎಂಬ ಲೆಕ್ಕದ ಉದಾಹರಣೆಗಳು. ವಿಜಯನಗರವನ್ನೇ ಕೇಳುತ್ತಾರೆ ಎಂದು ಕಾಯುವಂತಿಲ್ಲ. ಅದರ ಲಾಭ ಇರುವುದು ಪ್ರಬಂಧದಲ್ಲಿ, ಆಕೆಯೇ ತರುವ ಸಾಕ್ಷ್ಯವಾಗಿ. ಅಲ್ಲಿ ಇಸವಿಯ ಗಡಿ ಕಟ್ಟುನಿಟ್ಟು. ಬಸವಣ್ಣನವರ ಕಾಲ 12ನೇ ಶತಮಾನ, ಅಂದರೆ 1200ಕ್ಕೂ ಮುಂಚೆ. 1200ರಿಂದ 1750ರ ಎಲ್‌ಇಕ್ಯೂನಲ್ಲಿ ಭಕ್ತಿಯ ಬಗ್ಗೆ ಬರೆಯುವಾಗ ವಚನ ಚಳವಳಿ ಹಿನ್ನೆಲೆಗೆ ಸರಿಹೊಂದುತ್ತದೆ, ಸಾಕ್ಷ್ಯಕ್ಕೆ ಪುರಂದರದಾಸ, ಕನಕದಾಸರನ್ನು ತರಬೇಕು. ಮುಸ್ಲಿಂ ಸೈನಿಕರನ್ನು ಸೇನೆಗೆ ಸೇರಿಸಿಕೊಂಡ ಇಮ್ಮಡಿ ದೇವರಾಯನ ಆಳ್ವಿಕೆ 1424ರಿಂದ 1446. ಅದು ಆ ಎಲ್‌ಇಕ್ಯೂಗೆ ಚಿನ್ನದಂಥ ಉದಾಹರಣೆ, ಆದರೆ 1450ರ ನಂತರದ ಡಿಬಿಕ್ಯೂಗೆ ಹೊರಗಿನದು. ಮೇಲೆ ಹೇಳಿದ ಧರ್ಮ ಮತ್ತು ಅಧಿಕಾರದ ಪ್ರಶ್ನೆಗೆ ಆಕೆ ಹೀಗೆ ಬರೆಯಬಹುದು: ‘ಕೃಷ್ಣದೇವರಾಯನ (1509–1529) ವಿಜಯನಗರದಲ್ಲಿ ಅರಸರು ದೇಗುಲಗಳಿಗೆ ಉದಾರವಾಗಿ ದಾನ ಕೊಟ್ಟರೂ, ರಾಜ್ಯದ ಬಲ ನಿಂತದ್ದು ಭೂಮಿಯ ಆದಾಯ ಪಡೆದು ಅದಕ್ಕೆ ಬದಲಾಗಿ ಸೈನಿಕರನ್ನು ಒದಗಿಸುತ್ತಿದ್ದ ನಾಯಕರ ಮೇಲೆ. ಮೊಘಲರು ಜಮೀನ್ದಾರರನ್ನು ನೆಚ್ಚಿಕೊಂಡಂತೆ ಇಲ್ಲಿಯೂ ಕಂದಾಯದ ಏರ್ಪಾಡೇ ಅಧಿಕಾರದ ತಳಹದಿ.’ ಇದರಲ್ಲಿ ಹೆಸರು, ಕಾಲ, ಏರ್ಪಾಡಿನ ವಿವರಣೆ, ಥೀಸಿಸ್‌ಗೆ ಕೊಂಡಿ ನಾಲ್ಕೂ ಇವೆ. ‘ಹಂಪಿ ವೈಭವದ ರಾಜಧಾನಿಯಾಗಿತ್ತು’ ಎಂದು ನಿಲ್ಲಿಸಿದರೆ ಒಂದೂ ಇಲ್ಲ. ಅಜ್ಜನ ಜೊತೆ ಮತ್ತೊಮ್ಮೆ ಕುಳಿತು, 1336ರ ಸ್ಥಾಪನೆಯಿಂದ 1565ರ ಯುದ್ಧದವರೆಗೆ ಇಂಥ ಐದು ಸಂಗತಿಗಳನ್ನು ಇಸವಿ ಸಮೇತ ಅರ್ಧ ಪುಟದಲ್ಲಿ ಬರೆದುಕೊಳ್ಳಲಿ. ಭಟ್ಕಳ, ಗೋವೆಗಳ ಮೂಲಕ ಬರುತ್ತಿದ್ದ ಅರಬ್ಬೀ ಕುದುರೆಗಳು ಅದರಲ್ಲಿ ಇರಲೇಬೇಕು, ಏಕೆಂದರೆ ಹಿಂದೂ ಮಹಾಸಾಗರದ ವ್ಯಾಪಾರದ ಬಗ್ಗೆ ಪ್ರಶ್ನೆ ಬಂದರೆ ಅದನ್ನೇ ನೇರವಾಗಿ ಬಳಸಬಹುದು.